ಕಿಟಕಿ ಪಕ್ಕದ ಕುರ್ಚಿ

ಕನ್ನಡಕದ ಗಾಜಿನ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಕುರ್ಚಿ ಹತ್ತೊಂಬತ್ತು ವರ್ಷದಿಂದ ಅಕ್ಕನದು. ಒಂದೊಂದೇ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು, ಗುಳ್ಳೆ ಹುಡುಕುವುದು ಅವಳ ಕೆಲಸ. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯರೂ ಕೂಡ.

ನಗರದ ಖಾಸಗಿ ವಿಶ್ವವಿದ್ಯಾಲಯದಿಂದ ಆರು ತಿಂಗಳ ಕೆಲಸದ ಅನುಭವಕ್ಕೆಂದು ಬಂದ ವಿದ್ಯಾರ್ಥಿನಿ ಅವಳ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡಳು. ಅಕ್ಕ ಮಾಡುವುದನ್ನೆಲ್ಲ ಹಂತ ಹಂತವಾಗಿ ಬರೆದಿಡುವುದೇ ಪ್ರಾಜೆಕ್ಟ್.

"ತಲೇಲಿರೋದನ್ನೆಲ್ಲ ಬಗೆದು ತೆಗೀತಿದೀಯಲ್ಲೇ, ನಂಗೇನು ಉಳಿಸ್ತೀಯ?" ಎಂದು ಅಕ್ಕ ನಗುತ್ತಿದ್ದಳು. ಪಾಪ, ಒಂದನ್ನೂ ಮುಚ್ಚಿಡಲಿಲ್ಲ.

ವಿಶ್ವವಿದ್ಯಾಲಯದಲ್ಲಿ ವರದಿಗೆ ಮೊದಲ ಬಹುಮಾನ ಬಂತು. ಬಹುಮಾನದ ಗಾಜಿನ ಫಲಕ ತೋರಿಸಲೆಂದು ಹುಡುಗಿ ಕಾರ್ಖಾನೆಗೆ ಓಡಿದರೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೊಸ ಟ್ರೈನಿ ಕೂತಿದ್ದಳು. ಅವಳ ಮುಂದೆ ಇವಳದೇ ವರದಿ ತೆರೆದಿತ್ತು.

"ಅಕ್ಕನ್ನ ಬಿಡಿಸಿದ್ವಿ," ಎಂದರು ಮ್ಯಾನೇಜರ್. "ನಿಮ್ಮ ವರದಿ ಇದೆ, ಆರು ತಿಂಗಳಿಗೊಮ್ಮೆ ನಿಮ್ಮಂಥವರು ಬರ್ತಾರೆ. ಸಾಕಲ್ಲ."

ವಿಷಯ ಕೇಳಿ ಅವಳ ಪ್ರಾಧ್ಯಾಪಕರು ನಿಟ್ಟುಸಿರುಬಿಟ್ಟರು. "ಬೇಜಾರೇನೋ ಹೌದಮ್ಮ. ಆದ್ರೆ ಆ ಕಂಪನೀನ ಎದುರು ಹಾಕ್ಕೊಂಡ್ರೆ ನಿನ್ನ ಜೂನಿಯರ್‌ಗಳು ಎಲ್ಲಿ ಕಲೀಬೇಕು? ಸೋಮವಾರ ಕಾರ್ಖಾನೆಗಳಿಗೆ ಹೊರಡೋ ಹೊಸ ಬ್ಯಾಚ್‌ಗೆ ನೀನೇ ಮಾತಾಡು."

ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದಳು. ಅಕ್ಕ ಬೈಯಲಿಲ್ಲ, ಹುಡುಗಿ ತಂದಿದ್ದ ಫಲಕವನ್ನು ತೆಗೆದುಕೊಂಡು, ಅಭ್ಯಾಸಬಲದಿಂದ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

"ಅಂಚಲ್ಲಿ ಗುಳ್ಳೆ ಇದೆ ಕಣೇ. ಯಾರೂ ನೋಡ್ಲಿಲ್ವಾ?"

ಹುಡುಗಿಗೆ ಅಳು ತಡೆಯಲಾಗಲಿಲ್ಲ. "ನೋಡೋರನ್ನ ನಾನೇ ಮನೇಲಿ ಕೂರಿಸಿಬಿಟ್ಟೆ ಅಕ್ಕಾ," ಎಂದಳು. ಅಕ್ಕ ತನ್ನ ಸೆರಗಿನಿಂದ ಫಲಕ ಒರೆಸಿ ಅವಳ ಕೈಗಿಟ್ಟಳು.

ಸೋಮವಾರ ಸಭಾಂಗಣ ತುಂಬಿತ್ತು. ಅವಳು ಫಲಕವನ್ನು ಮೇಜಿನ ಮೇಲಿಟ್ಟಳು, ಬರೆದುಕೊಂಡು ಬಂದಿದ್ದ ಭಾಷಣ ತೆರೆಯಲಿಲ್ಲ.

"ನಿಮಗೆ ಕಲಿಸೋರ ಕೆಲಸಕ್ಕೆ ಮುಂದೇನಾಗುತ್ತೆ ಅಂತ, ಅಲ್ಲಿಗೆ ಹೋದ ಮೊದಲ ದಿನಾನೇ ಕೇಳಿ. ನಾನು ಕೇಳ್ಲಿಲ್ಲ. ನನ್ನ ವರದಿಯಿಂದ ಒಬ್ಬರ ಕೆಲಸ ಹೋಯ್ತು. ಈ ಬಹುಮಾನ ಬಂದಿದ್ದು ಆ ವರದಿಗೇ."

ಪ್ರಾಧ್ಯಾಪಕರು ತಲೆ ತಗ್ಗಿಸಿದರು. ಮುಂದಿನ ಸಾಲಿನಿಂದ ಯಾರೋ ಕೇಳಿದರು, "ಹೋಗಿ ನೋಡಿದ್ರಾ ಅವರನ್ನ? ಏನಂದ್ರು?"

ಅವಳು ಫಲಕದ ಅಂಚಿನ ಗುಳ್ಳೆಯ ಮೇಲೆ ಬೆರಳಿಟ್ಟಳು.

"ಬಾಗಿಲು ತೆಗೆದ ತಕ್ಷಣ, 'ನಿಂಗೆ ಎಷ್ಟು ಮಾರ್ಕ್ಸ್ ಬಂತೇ?' ಅಂತ ಕೇಳಿದ್ರು."