ಮೂರನೇ ಹಾಸಿಗೆಯ ಜ್ವರ

"ಎಂಟು ಜನರಲ್ಲಿ ಕೆಲಸದಿಂದ ತೆಗೆಯೋಕೆ ನಾಲ್ಕು ಹೆಸರು ಬರೆದುಕೊಡಮ್ಮ, ಸಾಕು," ಎಂದರು ಕಂಪನಿಯ ಮಾಲೀಕರು.

ತಂಡದವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಆಕೆ ಇಪ್ಪತ್ತು ವರ್ಷದಿಂದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಸುತ್ತಿದ್ದವಳು. ಮೂರು ವಾರದ ಕೆಲಸವನ್ನು ಎಐ ಎರಡೇ ದಿನದಲ್ಲಿ ಮುಗಿಸಿದಾಗ ತನ್ನ ಕೆಲಸವೂ ಹೋಯಿತೆಂದೇ ಅವಳು ಎಣಿಸಿದ್ದಳು. ಆದರೆ ಆ ಎರಡು ದಿನ ಕಳೆದ ಮೇಲೆ ಅವಳಿಗೆ ಬೇರೇನೋ ಹೊಳೆದಿತ್ತು.

"ಬರೀತೀನಿ ಸಾರ್. ಅದಕ್ಕೆ ಮುಂಚೆ ನಾಳೆ ನಮ್ಮ ಜೊತೆ ಆಸ್ಪತ್ರೆಗೆ ಬನ್ನಿ."

"ಯಾಕೆ, ಯಾರಿಗೆ ಹುಷಾರಿಲ್ಲ?"

"ನಮ್ಮ ಸಾಫ್ಟ್‌ವೇರ್‌ಗೆ."

ಮರುದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲೇ ಹಿರಿಯ ನರ್ಸ್ ಇಡೀ ತಂಡಕ್ಕೆ ಅಡ್ಡ ನಿಂತರು. "ಇಷ್ಟು ಜನ ಒಳಗೆ ಬಂದ್ರೆ ರೋಗಿಗಳನ್ನ ಎಲ್ಲಿ ಮಲಗಿಸ್ಲಿ? ಮೂರೇ ಜನ ಬನ್ನಿ." ಅಕ್ಕ, ಮಾಲೀಕರು, ಜೊತೆಗೆ ತಂಡದಲ್ಲಿ ಎಲ್ಲರೂ ಮೌನಿ ಎಂದು ಕರೆಯುವ ಪ್ರೋಗ್ರಾಮರ್ ಒಳಗೆ ಹೋದರು.

ನರ್ಸ್ ಜ್ವರ ನೋಡುತ್ತಿದ್ದರು, ಮಣಿಕಟ್ಟಿಗೆ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ಅಂಕಿ ಗೀಚಿಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಮೌನಿ ಬಾಯಿಬಿಟ್ಟ. "ಸಿಸ್ಟರ್, ನೋಡಿದ ತಕ್ಷಣ ನಮ್ಮ ಟ್ಯಾಬ್ಲೆಟ್ ಕಂಪ್ಯೂಟರ್‌ಗೆ ಯಾಕೆ ಹಾಕಲ್ಲ?"

"ಒಂದು ಜ್ವರ ಹಾಕೋಕೆ ಏಳು ಪುಟ ದಾಟ್ಬೇಕು, ಎರಡೂ ಕೈ ಬೇಕು. ನನ್ನ ಒಂದು ಕೈ ಯಾವಾಗ್ಲೂ ರೋಗಿ ಮೇಲೇ ಇರುತ್ತೆ. ಕೊನೇಲಿ ಕೂತು ಎಲ್ಲಾ ಹಾಕ್ತೀನಿ."

"ಅಂದ್ರೆ ಡಾಕ್ಟರಿಗೆ ಗೊತ್ತಾಗೋದು..."

"ಎರಡು ಗಂಟೆ ತಡವಾಗಿ."

"ನಮಗೆ ಹೇಳ್ಬಾರ್ದಿತ್ತಾ?" ಎಂದರು ಮಾಲೀಕರು.

"ನೀವು ಯಾವತ್ತು ಕೇಳಿದ್ರಿ?"

ಮೌನಿ ಹೊರಗಿನ ಬೆಂಚಿನ ಮೇಲೆ ಕೂತು ಎಐಗೆ ಕೆಲಸ ಹೇಳಿದ. ಏಳು ಪುಟ ಒಂದಾಗಬೇಕು, ಹೆಬ್ಬೆರಳೊಂದೇ ಸಾಕಾಗಬೇಕು. ಅದು ಕೊಟ್ಟದ್ದನ್ನು ಎರಡು ಸಲ ತಳ್ಳಿಹಾಕಿದ. ಪಕ್ಕಪಕ್ಕದ ಹಾಸಿಗೆಗಳ ಬಟನ್ ತಾಗಿಕೊಂಡಿದ್ದವು, ಒಬ್ಬರ ಜ್ವರ ಇನ್ನೊಬ್ಬರಿಗೆ ಹೋಗುತ್ತಿತ್ತು. ನರ್ಸ್ ಇನ್ನೊಂದು ಸುತ್ತು ಮುಗಿಸುವಷ್ಟರಲ್ಲಿ ಪರೀಕ್ಷೆಗೊಂದು ಮಾದರಿ ಸಿದ್ಧವಾಗಿತ್ತು.

"ಇಷ್ಟು ವರ್ಷ ಇದನ್ನ ಯಾಕೆ ಮಾಡ್ಲಿಲ್ಲ?" ಮಾಲೀಕರ ದನಿ ತಗ್ಗಿತ್ತು.

"ಕೋಡ್ ಬರೆಯೋದ್ರಲ್ಲೇ ದಿನ ಹೋಗ್ತಿತ್ತು ಸಾರ್. ಬಂದು ನೋಡೋಕೆ ಪುರುಸೊತ್ತೆಲ್ಲಿತ್ತು? ಈಗ ಸಿಕ್ಕಿದೆ. ನಮ್ಮ ಸಾಫ್ಟ್‌ವೇರ್ ಇರೋ ಹದಿನೇಳು ಆಸ್ಪತ್ರೆ ಇವೆ, ನಾವು ಎಂಟೇ ಜನ. ಆ ನಾಲ್ಕು ಹೆಸರಿನ ಬದಲು, ಹೀಗೆ ಬಂದು ನೋಡಿ ಕಲಿಯೋಕೆ ಆರು ತಿಂಗಳು ಕೊಡಿ. ನಾನೂ ಕಲೀಬೇಕು, ನೀವೂ," ಎಂದಳು ಅಕ್ಕ.

ಮಾಲೀಕರು ನರ್ಸ್ ಕಡೆ ತಿರುಗಿ ಕೈ ಚಾಚಿದರು. "ಕೊಡಿ ಸಿಸ್ಟರ್, ನಾನೊಮ್ಮೆ ಹಾಕಿ ನೋಡ್ತೀನಿ."

ಒಂದು ಕೈಯಲ್ಲಿ ಥರ್ಮಾಮೀಟರ್, ಇನ್ನೊಂದರಲ್ಲಿ ಟ್ಯಾಬ್ಲೆಟ್ ಹಿಡಿದು ಅವರು ಹೆಬ್ಬೆರಳು ಎತ್ತಿದರು. ಮೂರನೇ ಹಾಸಿಗೆಯ ಮುದುಕ ದಿಂಬಿನಿಂದ ತಲೆಯೆತ್ತಿದ.

"ನಂದು ಸರಿಯಾಗಿ ಹಾಕಪ್ಪಾ."

ಮಾಲೀಕರ ಬೆರಳು ಅಲ್ಲೇ ನಿಂತಿತು. ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದರು.