ಬಿಸಿ ತಾಗದ ಕೈ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಜಂಬ ಅದಕ್ಕಿಂತ ಒಂದು ಹಿಡಿ ಹೆಚ್ಚು. ಎರಡನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಇವೆರಡೂ ಸೇರಿಕೊಂಡು ನನ್ನ ಬಲಗೈಯನ್ನು ತಿಂದುಹಾಕುವುದರಲ್ಲಿದ್ದವು.

ನಾನು ರಾಧಾಮಣಿ. ರಾಮನಗರದಲ್ಲಿ ಮುಕ್ತಿಯಾರ್ ಸಾಬರ ಶೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ರೇಷ್ಮೆ ನೂಲು ತೆಗೆಯುತ್ತಿದ್ದೇನೆ. ಬೇಸಿನ್ನಿನ ಬಿಸಿನೀರಿನಲ್ಲಿ ಗೂಡುಗಳು ತೇಲಾಡುತ್ತಿರುತ್ತವೆ. ಅದರೊಳಕ್ಕೆ ಬೆರಳು ಅದ್ದಿ, ಎಳೆಯ ತುದಿ ಹುಡುಕಿ, ಮೇಲೆ ಸುತ್ತುವ ರಾಟೆಗೆ ಕೊಡಬೇಕು. ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡಿರುತ್ತೇವೆ. ಬಿಸಿಗೊಮ್ಮೆ, ತಣ್ಣಗೊಮ್ಮೆ, ದಿನವಿಡೀ ಇದೇ ಆಟ. ಬಟ್ಟಲಿಗೆ ಕೈ ಹೋಗಿ ಬರುವಷ್ಟರಲ್ಲಿ ಎಳೆ ತಪ್ಪಿಹೋಗುತ್ತದೆ. ಹಾಗಾಗಿ ಬಟ್ಟಲು ಕಡಿಮೆ ಮುಟ್ಟುವವರೇ ಒಳ್ಳೆಯ ಕೆಲಸಗಾರರು ಅಂತ ನಮ್ಮಲ್ಲಿ ಎಲ್ಲರ ನಂಬಿಕೆ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಾನು ಬಟ್ಟಲು ಮುಟ್ಟುವುದನ್ನೇ ಬಿಟ್ಟೆ. ಬಲಗೈಗೆ ಬಿಸಿ ಅನ್ನಿಸುತ್ತಲೇ ಇರಲಿಲ್ಲ. ಪಕ್ಕದ ಬೇಸಿನ್ನಿನ ಇಕ್ರಾ, ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ, ಎಳೆಗೊಂದು ಸಲ ಬೆರಳು ಊದಿಕೊಳ್ಳುತ್ತಿದ್ದಳು.

“ಏನೇ ಇದು, ಬೆಣ್ಣೇಲಿ ಮಾಡಿದ್ ಕೈಯಾ? ನನ್ ಕೈ ನೋಡು. ಕೆಲ್ಸ ಅಂದ್ರೆ ಹಿಂಗ್ ಪಳಗ್ಬೇಕು,” ಎಂದು ಹಂಗಿಸುತ್ತಿದ್ದೆ.

ಸಾಬರು ಬೇರೆ ಶೆಡ್ಡಿನ ಯಜಮಾನರನ್ನು ಕರೆತಂದು ತೋರಿಸುತ್ತಿದ್ದರು. “ನಮ್ ರಾಧಾಮಣಿ ಕೈ ನೋಡ್ರಿ, ಕುದಿಯೋ ನೀರಿಗೂ ಹೆದರಲ್ಲ.” ನಾನು ಪೂರಿಯ ಹಾಗೆ ಉಬ್ಬಿಹೋಗುತ್ತಿದ್ದೆ. ಮೊಣಕೈ ಹತ್ತಿರ ಒಂದು ಬಿಳಿಚಿದ ಮಚ್ಚೆ ಎದ್ದಿತ್ತು. ಹಬೆ ಬಡಿದದ್ದಿರಬೇಕು ಅಂದುಕೊಂಡೆ. ರವಿಕೆಯ ಹುಕ್ಕು ಹಾಕುವಾಗ ಕಿರುಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಹುಕ್ಕೇ ಸರಿಯಿಲ್ಲ ಅಂತ ಟೈಲರಿಗೆ ಬೈದು ಬಂದೆ.

ಇದು ಹೀಗಿರುವಾಗ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ದಿವ್ಯ ಬಂದಳು. ಅವಳು ಶಾಲೆಯಲ್ಲಿ ಮೂರು ಸಲ ಆರೋಗ್ಯ ತಪಾಸಣೆ ಇಡಿಸಿ, ಮೂರು ಸಲವೂ ಖಾಲಿ ಕುರ್ಚಿ ನೋಡಿಕೊಂಡು ಹೋದವಳು. ಯಾರು ಹೋಗುತ್ತಾರೆ ಹೇಳಿ? ಬೆಳಗ್ಗೆ ಒಲೆ ಹೊತ್ತಿತು ಅಂದರೆ ಸಂಜೆವರೆಗೂ ನಾವು ಕೂತ ಜಾಗ ಬಿಡುವ ಹಾಗಿಲ್ಲ. ನಾನೇ ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ.

“ನಿಮ್ ಡಾಕ್ಟ್ರಿಗೆ ನಾವ್ ಬೇಕಾಗಿದ್ರೆ ಅವ್ರೇ ಇಲ್ಲಿಗ್ ಬರ್ಲಿ ಕಣವ್ವ. ನಾವ್ ಬೇಸಿನ್ ಬುಟ್ಟು ಬರಕಾಯ್ತದಾ?”

ಬೇರೆಯವಳಾಗಿದ್ದರೆ ಮುಖ ಊದಿಸಿಕೊಂಡು ಹೋಗುತ್ತಿದ್ದಳು. ಈ ಹುಡುಗಿ ಅದನ್ನೇ ಹಿಡಿದುಕೊಂಡಳು. ಗೂಡಿನ ಮಾರ್ಕೆಟ್ಟಿಗೆ ಹೋಗಿ, ಹರಾಜಿನ ಗಲಾಟೆಯ ನಡುವೆ ಶೆಡ್ಡಿನ ಯಜಮಾನರ ಸಂಘದವರನ್ನು ಹಿಡಿದಳು. ಮಸೀದಿಯ ಕಮಿಟಿಯವರನ್ನು ಕಂಡಳು. ಬಿಡದಿಯ ಯಾವುದೋ ಕಾರ್ಖಾನೆಯವರ ಹತ್ತಿರ ತಪಾಸಣೆಯ ವ್ಯಾನು ಇದೆ ಅಂತ ಗೊತ್ತಾಗಿ, ಆಸ್ಪತ್ರೆಯ ಡಾಕ್ಟರಮ್ಮನನ್ನೂ ಕಟ್ಟಿಕೊಂಡು ಅಲ್ಲಿಗೂ ಹೋದಳು. ಕೊನೆಗೆ ಡಾಕ್ಟರು ಆಸ್ಪತ್ರೆಯವರು, ವ್ಯಾನು ಕಾರ್ಖಾನೆಯವರದು, ಸಾರುವ ಮೈಕು ಮಸೀದಿಯದು ಅಂತಾಯಿತು. ಯಜಮಾನರು ಮಾಡಬೇಕಾದದ್ದು ಒಂದೇ. ಒಂದು ಗಂಟೆ ಒಲೆ ಆರಿಸಿ, ಆ ಗಂಟೆಯ ಕೂಲಿ ಹಿಡಿಯಬಾರದು.

ನಮ್ಮ ಸಾಬರು ಗೊಣಗಿದರು. “ಒಲೆ ಆರಿದ್ರೆ ನೀರು ಮತ್ತೆ ಕಾಯೋಕೆ ಎಷ್ಟೊತ್ತು ಬೇಕು ಗೊತ್ತೇನಮ್ಮ ನಿಂಗೆ?” ಹಾಗೆನ್ನುತ್ತಲೇ ಒಲೆಯ ಕಡೆ ತಿರುಗಿದರು. “ನಮ್ಮ ಅಬ್ಬಾ ಈ ಹೊಗೆನಲ್ಲೇ ಕೆಮ್ಮಿ ಕೆಮ್ಮಿ ಹೋದ್ರು. ಒಬ್ರೂ ಬಂದು ಎದೆ ಮುಟ್ಟಿ ನೋಡ್ಲಿಲ್ಲ. ಹೋಗ್ಲಿ, ಆರಿಸ್ರಿ ಒಲೆ.”

ವ್ಯಾನು ಶೆಡ್ಡಿನ ಬಾಗಿಲಿಗೇ ಬಂತು. ಎದೆ ನೋಡಿದರು, ಬಿಪಿ ನೋಡಿದರು, ರಕ್ತ ತೆಗೆದರು. ಕೊನೆಗೆ ಡಾಕ್ಟರಮ್ಮ ಕೈಕಾಲು ನೋಡಲು ಕೂತರು. ನಾನು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋದೆ. ನನ್ನ ಕೈ ತೋರಿಸುವ ಆಸೆ ನನಗೆ.

“ಕಣ್ಣು ಮುಚ್ಚಿಕೊಳ್ಳಿ. ಪೆನ್ನಿನ ತುದಿ ಮುಟ್ಟಿಸ್ತೀನಿ. ಮುಟ್ಟಿದಾಗೆಲ್ಲ ಹೂಂ ಅನ್ನಿ,” ಎಂದರು ಡಾಕ್ಟರಮ್ಮ.

ಎಡಗೈ ಆಯಿತು. ಹೂಂ, ಹೂಂ, ಹೂಂ. ಆಮೇಲೆ ಬಲಗೈ ಹಿಡಿದುಕೊಂಡರು. ನಾನು ಕಾದೆ. ನನಗೆ ರೇಗಿತು.

“ಇನ್ಯಾವಾಗವ್ವ ಶುರು ಮಾಡದು? ನಂಗೂ ಕೆಲ್ಸ ಐತೆ,” ಎಂದು ಕಣ್ಣು ಬಿಟ್ಟೆ.

ಪೆನ್ನಿನ ತುದಿ ನನ್ನ ಕಿರುಬೆರಳಲ್ಲಿ ಊರಿಕೊಂಡು ನಿಂತಿತ್ತು. ಸುತ್ತ ಆರೇಳು ನೀಲಿ ಚುಕ್ಕೆಗಳಿದ್ದವು. ಒಂದೂ ನನಗೆ ಗೊತ್ತಾಗಿರಲಿಲ್ಲ.

ಡಾಕ್ಟರಮ್ಮ ನನ್ನನ್ನು ಒಬ್ಬಳನ್ನೇ ವ್ಯಾನಿನೊಳಗೆ ಕೂರಿಸಿ ಬಾಗಿಲು ಹಾಕಿದರು. ಮಚ್ಚೆ ನೋಡಿದರು, ಮೊಣಕೈ ಹಿಂದಿನ ನರ ಅದುಮಿ ನೋಡಿದರು. ಮರುದಿನ ಆಸ್ಪತ್ರೆಗೆ ಕರೆಸಿಕೊಂಡು ಇನ್ನೊಂದು ಸಲ ನೋಡಿ, ಹೆಸರು ಹೇಳಿದರು. ಕುಷ್ಠ.

“ನಮ್ ವಂಶದಲ್ಲೇ ಇಲ್ಲ ಅದು! ನಾಲಿಗೆ ಬಿಗಿಹಿಡಿದು ಮಾತಾಡಿ!” ಎಂದು ಎದ್ದು ನಿಂತೆ.

ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. “ವಂಶದಿಂದ ಬರೋದಲ್ಲ ಇದು, ಪೂರ್ತಿ ವಾಸಿಯಾಗತ್ತೆ. ಒಂದು ವರ್ಷ ಮಾತ್ರೆ, ದುಡ್ಡು ಕೊಡೋ ಹಾಗಿಲ್ಲ. ನರದ ಊತಕ್ಕೆ ಬೇರೆ ಮಾತ್ರೆ ಇದೆ. ನಿಮಗೆ ಸ್ಪರ್ಶ ಹೋಗಿ ಕೆಲವೇ ತಿಂಗಳಾಗಿದೆ, ವಾಪಸ್ ಬಂದರೂ ಬರಬಹುದು. ಆದರೆ ಆ ಕೈಯನ್ನ ಬಿಸಿನೀರಿಗೆ ಹಾಕಲೇಬಾರದು. ಸುಟ್ಟರೂ ನಿಮಗೆ ಗೊತ್ತಾಗಲ್ಲ. ಗಾಯದ ಮೇಲೆ ಗಾಯ ಆಗಿ ಬೆರಳೇ ಹೋಗುತ್ತೆ.”

ಬೇಸಿನ್ನಿಗೆ ಕೈ ಹಾಕದಿದ್ದರೆ ನಾನು ಯಾರು? ಆಸ್ಪತ್ರೆಯ ಗೇಟಿನಲ್ಲಿ ದಿವ್ಯ ಸಿಕ್ಕಿದಳು. “ರಾಧಕ್ಕ, ಸಾಬ್ರಿಗೆ ನಾನೊಂದ್ ಮಾತು ಹೇಳ್ಲಾ?” ಎಂದಳು. “ಹೇಳಿದ್ರೆ ನಿನ್ ಗ್ರಾಚಾರ ಬಿಡಿಸ್ಬುಡ್ತೀನಿ,” ಎಂದೆ. ಪಾಪ, ಅವಳು ಹೇಳಲಿಲ್ಲ.

ಮಾತ್ರೆಯನ್ನು ಕದ್ದುಮುಚ್ಚಿ ನುಂಗಿದೆ, ಕೈಯನ್ನು ಎಂದಿನಂತೆ ಬೇಸಿನ್ನಿಗೆ ಹಾಕಿದೆ. ಎಂಟನೆಯ ದಿನ ಇಕ್ರಾ ಕಿಟಾರನೆ ಕಿರುಚಿದಳು. ನನ್ನ ಕಿರುಬೆರಳಿನ ಚರ್ಮ ಗೂಡಿನ ಜೊತೆ ನೀರಿನಲ್ಲಿ ತೇಲುತ್ತಿತ್ತು. ನಾನು ಎಳೆ ಹುಡುಕುತ್ತಲೇ ಇದ್ದೆ.

ಸಾಬರು ಓಡಿ ಬಂದರು. ನನ್ನ ಮಣಿಕಟ್ಟು ಹಿಡಿದು ನೀರಿನಿಂದ ಎಳೆದರು. “ಏನಮ್ಮ ಇದು? ನೋವಾಗ್ತಿಲ್ವಾ ನಿಂಗೆ?”

ನನ್ನ ಕಟ್ಟೆ ಒಡೆಯಿತು. “ಇಲ್ಲ ಸಾಬ್ರೇ! ಆಯ್ತಿಲ್ಲ! ನಿಮ್ ರಾಧಾಮಣಿ ಕೈ ಪಳಗಿದ್ದಲ್ಲ, ಸತ್ತಿದ್ದು. ಕುಷ್ಠವಂತೆ ನಂಗೆ. ಈಗ ಆಚೆಗ್ ತಳ್ಳಿ!”

ಎಲ್ಲ ರಾಟೆಗಳೂ ನಿಂತವು. ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಹಿಂದೆ ಸರಿದರು. ಸಾಬರು ನನ್ನ ಕೈ ಬಿಟ್ಟು ಹೊರಗೆ ಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಊಟದ ಡಬ್ಬಿ ಎತ್ತಿಕೊಂಡು ಚಪ್ಪಲಿ ಹುಡುಕಿದೆ.

ಸಾಬರು ಫೋನ್ ಮಾಡಲು ಹೋಗಿದ್ದರಂತೆ. ಕಾಲು ಗಂಟೆಯಲ್ಲಿ ದಿವ್ಯ ಏದುಸಿರು ಬಿಡುತ್ತಾ ಬಂದಳು. ಸಾಬರು ಎಲ್ಲರ ಮುಂದೆಯೇ ಕೇಳಿದರು. “ನಂಗೆ ಓದು ಕಮ್ಮಿ, ಬಿಡಿಸಿ ಹೇಳಮ್ಮ. ಇದು ನಮ್ ಮಂದಿಗೆ ಅಂಟ್ಕೊಳ್ತದಾ?”

“ಮಾತ್ರೆ ಶುರು ಮಾಡಿದ್ ಮೇಲೆ ಅಂಟಲ್ಲ ಸಾಬ್ರೇ. ರಾಧಕ್ಕ ಒಂದಿನಾನೂ ತಪ್ಸಿಲ್ಲ.”

“ಹಂಗಾದ್ರೆ ಸರಿ.” ನನ್ನ ಕಡೆ ತಿರುಗಿದರು. “ಕಣ್ಣು ನೆಟ್ಟಗೈತಲ್ಲ ನಿಂದು? ನಾಳೆಯಿಂದ ಒಳ್ಳೇದು ಕೆಟ್ಟದ್ದು ನೋಡಿ ಗೂಡು ಆರಿಸೋ ಕೆಲ್ಸ. ಕೂಲಿ ಇಷ್ಟೇ ಇರ್ತದೆ. ಚಪ್ಲಿ ಬಿಡು, ಮೊದ್ಲು ಕೈಗೆ ಪಟ್ಟಿ ಕಟ್ಟಿಸ್ಕೋ.”

ಅಷ್ಟು ಜನರ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿ ನಿಂತೆ.

ಆದರೂ ಆ ಇಬ್ಬರು ಹೆಂಗಸರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮೂಲೆಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿದೆ. ಸಾಬರ ಹೆಂಡತಿ ಸಾಬಿರಾ ಮನೆಯೊಳಗಿಂದ ಬಂದು ನನ್ನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. ಹೇಳದೆ ಕೇಳದೆ ನನ್ನ ಡಬ್ಬಿಗೆ ಕೈ ಹಾಕಿ, ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ ನುಂಗಿದರು. “ಉಪ್ಪು ಒಸಿ ಜಾಸ್ತಿ ಆಗೈತೆ ರಾಧಾಮಣಿ,” ಎಂದರು. ಯಾರಾದರೂ ನನ್ನ ಅಡುಗೆಗೆ ಹೆಸರಿಟ್ಟರೆ ನಾನು ಬಿಡುವವಳಲ್ಲ. ಅವತ್ತು ಮಾತ್ರ ತಲೆ ತಗ್ಗಿಸಿ “ಹೂಂ” ಅಂದೆ. ವಾರ ಕಳೆಯುವುದರಲ್ಲಿ ಆ ಇಬ್ಬರೂ ಹತ್ತಿರ ಸರಿದುಕೊಂಡರು.

ಗಾಯ ಒಣಗಿತು. ದಿನಾ ಕೈ ತಣ್ಣೀರಿನಲ್ಲಿ ನೆನೆಸು, ಎಣ್ಣೆ ಸವರು, ಬೆರಳು ಮಡಚಿ ಬಿಚ್ಚು ಅಂತ ದಿವ್ಯ ಹೇಳಿಕೊಟ್ಟಳು. ಮರೆತೆನೇನೋ ಅಂತ ಇಕ್ರಾ ನೆನಪಿಸುತ್ತಿದ್ದಳು. ನಾನು ಅಷ್ಟೊಂದು ಹಂಗಿಸಿದ ಹುಡುಗಿ! ವ್ಯಾನು ಮೂರು ತಿಂಗಳಿಗೊಮ್ಮೆ ಬರತೊಡಗಿತು. ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದೆ, ಪ್ರತಿ ಸಲ ಕಿರುಬೆರಳು ಸುಮ್ಮನಿರುತ್ತಿತ್ತು. ಬಾರದೇ ಹೋದರೂ ಹೋಗಲಿ, ಬೆರಳಾದರೂ ಉಳಿಯಿತಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಮಾತ್ರೆ ಶುರುವಾಗಿ ಎಂಟನೆಯ ತಿಂಗಳು. ಗೂಡು ಆರಿಸುತ್ತಾ ಕೂತಿದ್ದೆ. ಸಾಬಿರಾ ಎಲ್ಲರಿಗೂ ಟೀ ತಂದರು. ಯಾರ ಜೊತೆಗೋ ಮಾತಾಡುತ್ತಾ, ಮರೆತು, ಬಲಗೈ ಚಾಚಿ ಸ್ಟೀಲ್ ಲೋಟ ಹಿಡಿದೆ.

“ಅಯ್ಯಯ್ಯೋ!”

ಲೋಟ ನೆಲಕ್ಕೆ ಬಿತ್ತು. ಟೀ ಗೂಡಿನ ಮೇಲೆಲ್ಲ ಚೆಲ್ಲಿತು. “ತೌಬಾ, ಬಿಸಿ ಜಾಸ್ತಿಯಾಯ್ತಾ? ಆರಿಸಿ ಕೊಡ್ತೀನಿ ಇರು,” ಎಂದು ಸಾಬಿರಾ ಗಾಬರಿಯಾದರು.

“ಬ್ಯಾಡ ಸಾಬಿರಮ್ಮ! ಆರಿಸ್ಬ್ಯಾಡಿ! ಇನ್ನೊಂದ್ ಲೋಟ ಕೊಡಿ, ಹಿಂಗೇ ಕೊಡಿ!”

ಕಿರುಬೆರಳನ್ನು ಲೋಟಕ್ಕೆ ಮುಟ್ಟಿಸಿದೆ. ಸುರ್ ಅಂದಿತು. ಮತ್ತೆ ಮುಟ್ಟಿಸಿದೆ, ಮತ್ತೆ ಸುರ್ ಅಂದಿತು. ಇಕ್ರಾ ನನ್ನ ಕುತ್ತಿಗೆಗೆ ಜೋತುಬಿದ್ದಳು. ಗೂಡು ಹಾಳಾಯಿತೆಂದು ಬೈಯಬೇಕಾದ ಸಾಬರು, “ಸಾಕು ಬಿಡಮ್ಮ, ನಿಜವಾಗ್ಲೂ ಸುಟ್ಕೊಂಡೀಯ,” ಎನ್ನುತ್ತಾ ಟವೆಲಿನಿಂದ ಮುಖ ಒರೆಸಿಕೊಂಡರು.

ದಿವ್ಯಳಿಗೆ ಫೋನ್ ಮಾಡಿದೆ. ಏನೇನೋ ಹೇಳಬೇಕು ಅಂದುಕೊಂಡಿದ್ದೆ. ಅವಳಿಗೆ, ಡಾಕ್ಟರಮ್ಮನಿಗೆ, ವ್ಯಾನು ಕೊಟ್ಟ ಮುಖ ಕಾಣದ ಜನಕ್ಕೆ, ಮೈಕಿನಲ್ಲಿ ಕೂಗಿದವರಿಗೆ. ಅದಕ್ಕೂ ಮೊದಲೇ ಅಳು ಬಂತು.

“ರಾಧಕ್ಕ? ಏನಾಯ್ತು, ಯಾಕ್ ಅಳ್ತಿದ್ದೀರಾ?”

“ನೋಯ್ತಾ ಐತೆ ಕಣವ್ವ,” ಎಂದೆ. “ಕೈ ನೋಯ್ತಾ ಐತೆ. ನಿಮ್ಮೆಲ್ಲಾರ್ ಹೊಟ್ಟೆ ತಣ್ಣಗಿರ್ಲಿ.”