ಬೆಂಕಿ ಆರಿಸುವ ಗಂಡು

ಓಬುಳೇಶನ ಕೆಲಸ ಏನು ಎಂಬುದು ಹಿಂದೂಪುರದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೆತ್ತ ತಾಯಿ ಶಿವಲಕ್ಷ್ಮಮ್ಮನಿಗೇ ಗೊತ್ತಿರಲಿಲ್ಲ ಅಂದಮೇಲೆ ಉಳಿದವರ ಮಾತು ಬಿಡಿ. ಗೋದಾವರಿ ಸೀಮೆಯಲ್ಲಿ ಯಾವುದೋ ಆಯಿಲ್ ಕಂಪೆನಿಯಲ್ಲಿದ್ದಾನೆ, ಸಂಬಳ ತಪ್ಪದೆ ಬರುತ್ತದೆ, ಇಷ್ಟು ಎಲ್ಲರೂ ಬಲ್ಲರು. ಆದರೆ ಅವನು ಎಣ್ಣೆ ತೆಗೆಯುವವನಲ್ಲ, ಮಾರುವವನಲ್ಲ, ಟ್ಯಾಂಕರ್ ಓಡಿಸುವವನೂ ಅಲ್ಲ. ನೆಲದಿಂದ ಎಣ್ಣೆಯ ಜೊತೆ ಗ್ಯಾಸೂ ಬರುತ್ತದೆ. ಅದು ಎಲ್ಲೆಲ್ಲಿ ಸೋರುತ್ತಿದೆ ಎಂದು ಒಂದು ಕ್ಯಾಮೆರಾ ಹಿಡಿದು ಹುಡುಕಿ ಮುಚ್ಚಿಸಬೇಕು. ಎತ್ತರದ ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ದಂಡವಾಗಿ ಉರಿಯುವ ಗ್ಯಾಸನ್ನು ಪೈಪಿಗೆ ತಿರುಗಿಸಿ, 'ಫ್ಲೇರ್' ಎಂದು ಕರೆಯುವ ಆ ಬೆಂಕಿಯನ್ನು ನಿಲ್ಲಿಸಬೇಕು. ಅಷ್ಟರಮಟ್ಟಿಗೆ ಭೂಮಿಯ ಮೇಲಿನ ಕಾವು ತಗ್ಗುತ್ತದೆ. ಇದನ್ನು ಹೆಣ್ಣು ಕೊಡುವವರ ಮುಂದೆ ಹೇಳಿ ನೋಡಿ, ಗೊತ್ತಾಗುತ್ತದೆ ಕಷ್ಟ!

ಓಬುಳೇಶ ಹೇಳಿ ನೋಡಿದ್ದ. ಪರಿಗಿಯ ಹೆಣ್ಣಿನಪ್ಪ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಗಾಳಿ ಕಾಯೋ ಕೆಲ್ಸ ಅನ್ನಪ್ಪ" ಎಂದು ಎದ್ದು ಹೋದ. ಬೆಳುಗುಪ್ಪದಲ್ಲಿ ಹುಡುಗಿಯ ಸೋದರಮಾವ ಕುರ್ಚಿ ಹತ್ತಿರ ಎಳೆದುಕೊಂಡು, ಮೇಲಿನ ಆದಾಯ ಏನಾದರೂ ಉಂಟೇ ಎಂದು ಕಿವಿಯಲ್ಲಿ ಕೇಳಿದ. "ಗಾಳೀಲಿ ಏನ್ ಗಿಟ್ತದಣ್ಣಾ" ಅಂದದ್ದೇ ತಡ, ಒಳಗಿನಿಂದ ಬರುತ್ತಿದ್ದ ಉಪ್ಪಿಟ್ಟು ಅರ್ಧ ದಾರಿಯಲ್ಲೇ ಹಿಂದಕ್ಕೆ ತಿರುಗಿತು. ಹೀಗೆ ವಯಸ್ಸು ಮೂವತ್ತು ದಾಟಿ, ನೆತ್ತಿಯ ಕೂದಲು ತೆಳ್ಳಗಾಗತೊಡಗಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ. ಬರುವ ಹುಡುಗಿ ತಾನು ಮಾಡುವ ಕೆಲಸ ಇಂಥದ್ದು ಎಂದು ತಿಳಿದು ಒಪ್ಪಬೇಕು. ಆಸೆಯೇನೋ ಸಣ್ಣದು, ಆದರೆ ಈಡೇರುವ ಹಾಗೆ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಕಲ್ಯಾಣದುರ್ಗದ ಸಂಬಂಧ ಬಂತು. ಹುಡುಗಿ ಮೌನಿಕಾ, ಬಸ್ ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಫೋಟೋ ತೆಗೆಯುವವನನ್ನೇ ಗುರಾಯಿಸುತ್ತಿದ್ದ ಅವಳ ಚಿತ್ರ ಓಬುಳೇಶನ ಫೋನಿಗೆ ಬಂದಿತ್ತು. ಆ ಗುರಾಯಿಸುವಿಕೆ ಅವನಿಗೆ ಬಹಳ ಹಿಡಿಸಿತು. ಒಂದು ಮನಸ್ಸಿಗೆ ಹಿಡಿಸಿದರೆ ಹಿಡಿಸಿತು, ಕಾರಣ ಕೇಳಬೇಡಿ.

ತೊಂದರೆ ಇದ್ದದ್ದು ಹುಡುಗಿಯ ಅಜ್ಜಿ ಲಕ್ಷ್ಮಕ್ಕನ ಕಡೆಯಿಂದ. ಆ ಮನೆಯಲ್ಲಿ ಅವಳ ಮಾತೇ ಕೊನೆ. ದೀಪದ ವಿಷಯದಲ್ಲಿ 'ಆರಿಸು' ಎಂಬ ಮಾತನ್ನೇ ಅವಳು ಹೊಸಿಲು ದಾಟಿಸುತ್ತಿರಲಿಲ್ಲ. ಗ್ಯಾಸ್ ಒಲೆಗೂ ಅಷ್ಟೆ, 'ಶಾಂತ ಮಾಡು' ಅನ್ನಬೇಕು. ಅಂಥವಳ ಕಿವಿಗೆ ಕಂಬದೂರಿನ ನೆಂಟರೊಬ್ಬರು ಆಗಲೇ ಸುದ್ದಿ ಮುಟ್ಟಿಸಿದ್ದರು: ಹುಡುಗನಿಗೆ ಸಂಬಳ ಕೊಡುವುದೇ ಬೆಂಕಿ ಆರಿಸುವುದಕ್ಕಂತೆ!

"ಹೋಯ್ತು, ಕೆಟ್ಟೋಯ್ತು" ಎಂದು ಶಿವಲಕ್ಷ್ಮಮ್ಮ ಹಿಂದೂಪುರದಿಂದ ಕಾರು ಹತ್ತಿದ ಗಳಿಗೆಯಿಂದ ಗೊಣಗುತ್ತಲೇ ಇದ್ದಳು. ಸಂಬಂಧ ತಂದಿದ್ದ ಕೇಶವಯ್ಯ ಮಾತ್ರ ಮುಂದಿನ ಸೀಟಿನಲ್ಲಿ ಧೈರ್ಯವಾಗಿ ಕೂತಿದ್ದ. ಮದುವೆ ಕುದುರಿಸಿ ಕುದುರಿಸಿ ಅವನ ನಾಲಿಗೆ ನುಣುಪಾಗಿತ್ತು.

"ನೋಡಪ್ಪ, ನೀನು ಬಾಯಿ ಬಿಡಬ್ಯಾಡ. ಆಯಿಲ್ ಕಂಪೆನೀಲಿ ಮ್ಯಾನೇಜರ್ ಅಂತ ನಾನಂತೀನಿ, ನೀನು ಹೂಂ ಅನ್ನು. ಅಷ್ಟೇ ನಿನ್ ಕೆಲ್ಸ."

"ನಾನು ಮ್ಯಾನೇಜರ್ ಅಲ್ವಲ್ಲ, ಸ್ವಾಮೀ."

"ಮದ್ವೆ ಆದ್ಮ್ಯಾಲೆ ಯಾರ್ ಕೇಳ್ತಾರೆ!"

"ಲೋ ಓಬುಳೇಶಾ, ಹೂಂ ಅನ್ಲಾ" ಎಂದು ತಾಯಿ ಕಣ್ಣೊರೆಸಿಕೊಂಡಳು. ತಾಯಿ ಅಳುವಾಗ ಯಾವ ಮಗ ತಾನೆ ಜಗಳ ಆಡುತ್ತಾನೆ? ಓಬುಳೇಶ ಕಿಟಕಿಯ ಹೊರಗೆ ನೋಡಿಕೊಂಡು ಕೂತ.

ಕಲ್ಯಾಣದುರ್ಗದಲ್ಲಿ ಮೇ ತಿಂಗಳ ಬಿಸಿಲು ರಣ ಹೊಡೆಯುತ್ತಿತ್ತು. ಲಕ್ಷ್ಮಕ್ಕ ಹಜಾರದಲ್ಲಿ ದೇವರ ಪಟದ ಮುಂದೆ ದೀಪ ಹಚ್ಚಿಟ್ಟು, ಗಾಳಿಗೆ ಅದಕ್ಕೆ ಏನಾದರೂ ಆದೀತೆಂದು ಫ್ಯಾನಿನ ಸ್ವಿಚ್ಚಿನ ಕೆಳಗೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಳು. ಹುಡುಗಿಯ ತಂದೆ ಎರ್ರಪ್ಪ ಒಂದು ಹಳೆಯ ಪೇಪರಿನಲ್ಲಿ ಎಲ್ಲರಿಗೂ ಸರದಿಯ ಮೇಲೆ ಗಾಳಿ ಬೀಸುತ್ತಿದ್ದ. ಕೇಶವಯ್ಯನ ಜುಬ್ಬಾ ಬೆನ್ನಿಗೆ ಅಂಟಿಹೋಗಿತ್ತು.

"ಏನಪ್ಪಾ, ಉರಿಯೋ ಬೆಂಕೀನ ಶಾಂತ ಮಾಡೋದೇ ನಿನ್ ಕೆಲ್ಸ ಅಂತೆ, ದಿಟವಾ?" ಲಕ್ಷ್ಮಕ್ಕ ನೇರವಾಗಿ ಕೇಳಿದಳು.

"ಛೆ ಛೆ, ಯಾರಂದೋರು? ಮ್ಯಾನೇಜರ್ ಕಣಕ್ಕ! ಕೈಕೆಳಗೆ ಜನ ಅವ್ರೆ" ಎಂದ ಕೇಶವಯ್ಯ. ಶಿವಲಕ್ಷ್ಮಮ್ಮ ಮಗನ ತೊಡೆ ಜಿಗುಟಿದಳು. ಓಬುಳೇಶನ ಬಾಯಿಂದ ಹೂಂ ಅನ್ನುವಂಥ ಒಂದು ಸದ್ದು ಹೊರಟಿತು. ತಟ್ಟೆಯ ಬೂಂದಿಯಿಂದ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು ಅವನಿಗೆ.

ಲಕ್ಷ್ಮಕ್ಕ ಅರೆಮನಸ್ಸಿನಿಂದಲೇ ಹುಡುಗಿಯನ್ನು ಕರೆತರಲು ಒಳಗೆ ಹೋದಳು. ಅವಳ ಬೆನ್ನು ಮರೆಯಾಗುವುದನ್ನೇ ಕಾಯುತ್ತಿದ್ದ ಕೇಶವಯ್ಯ, "ಒಂದೇ ನಿಮಿಷ ಕಣ್ರಪ್ಪ, ಜೀವ ಹೋಯ್ತಾ ಐತೆ" ಎಂದು ಹಾರಿ ಫ್ಯಾನ್ ಹಾಕಿಬಿಟ್ಟ, ಅದೂ ಪೂರ್ತಿ ಜೋರಿಗೆ! ದೀಪದ ಕುಡಿ ಬಾಗಿತು, ನಡುಗಿತು, ಆರಿಯೇ ಹೋಯಿತು. ಅದೇ ಹೊತ್ತಿಗೆ ಸರಿಯಾಗಿ ಲಕ್ಷ್ಮಕ್ಕ ಬಾಗಿಲಲ್ಲಿ ಪ್ರತ್ಯಕ್ಷ, ಅವಳ ಹಿಂದೆ ಕಾಫಿ ತಟ್ಟೆ ಹಿಡಿದ ಮೌನಿಕಾ. ಬತ್ತಿಯಿಂದ ಹೊಗೆ ಏಳುತ್ತಿತ್ತು. "ಅಯ್ಯೋ ದೇವುಡಾ!" ಎಂದು ಶಿವಲಕ್ಷ್ಮಮ್ಮ ತಲೆಯ ಮೇಲೆ ಕೈ ಹೊತ್ತಳು.

ಬೆಂಕಿ ಆರಿದ್ದು ಕಂಡರೆ ಓಬುಳೇಶನ ಕೈಕಾಲು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಎಲ್ಲ ಕಂಪೆನಿಯ ಎಣ್ಣೆ ಬಾವಿಗಳ ಹತ್ತಿರ ಕಲಿತ ಅಭ್ಯಾಸ. "ಫ್ಲೇರ್ ಆಫ್! ಎಲ್ರೂ ಹಿಂದಕ್ಕೆ!" ಎಂದು ಕಿರುಚಿ ನೆಗೆದ. ಬೂಂದಿ ತಟ್ಟೆ ಹಾರಿ ಕೇಶವಯ್ಯನ ಮೇಲೆ ಬಿತ್ತು. ಓಬುಳೇಶ ಫ್ಯಾನ್ ನಿಲ್ಲಿಸಿದ, ಮಾವನಾಗಬೇಕಾದ ಎರ್ರಪ್ಪನನ್ನು ಎದೆಗೆ ಕೈಕೊಟ್ಟು ಗೋಡೆಗೆ ತಳ್ಳಿದ, ಗಾಳಿ ಯಾವ ಕಡೆಯದೆಂದು ತಾಯಿಯ ಸೆರಗು ಎತ್ತಿ ಹಿಡಿದು ನೋಡಿದ, ಪಕ್ಕದಲ್ಲಿ ಉರಿಯುತ್ತಿದ್ದ ಊದುಬತ್ತಿ ಕಿತ್ತು ದೀಪಕ್ಕೆ ತಗುಲಿಸಿ, ಊದಿ ಊದಿ ಹೊತ್ತಿಸಿ, ಎರಡೂ ಕೈ ಮರೆ ಮಾಡಿ ನಿಂತ. ಅಷ್ಟಕ್ಕೇ ಸುಮ್ಮನಾದನೇ? ಡ್ಯೂಟಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಎಣ್ಣೆ ಇರೋವಾಗ ಬೆಂಕಿ ಆರಬಾರ್ದು ಅಂತ ಗೊತ್ತಾಗಾಕಿಲ್ವಾ ನಿಮಗೆ?" ಎಂದು ಕೇಶವಯ್ಯನ ಮೇಲೆ ಹರಿಹಾಯ್ದ.

ಲಕ್ಷ್ಮಕ್ಕ ಹತ್ತಿರ ಬಂದಳು. "ಏನಂದೆ? ಇನ್ನೊಂದ್ಸಲ ಅನ್ನು."

ಆಗ ಓಬುಳೇಶನಿಗೆ ತಾನು ಎಲ್ಲಿದ್ದೇನೆ ಎಂಬ ಅರಿವು ಬಂತು. "ಅಲ್ಲ ಅಜ್ಜೀ... ನಮ್ ಬಾವಿ ಹತ್ರ ಹಂಗೇಯ. ಗ್ಯಾಸ್ ಬತ್ತಾ ಇರೋವಾಗ ಬೆಂಕಿ ಆರೋದ್ರೆ, ಗ್ಯಾಸ್ ಹಸಿಯಾಗೇ ಆಕಾಸಕ್ಕೆ ಹೋಯ್ತದೆ. ಉರಿದ ಹೊಗೆಗಿಂತ ಅದು ಬಲೇ ಕೆಟ್ಟದ್ದು. ಅದಕ್ಕೇ ಗಾಳಿ ಮಳೆಗೆ ಆರಿದ್ರೆ ಓಡೋಗಿ ಹಚ್ತೀವಿ."

ಮುದುಕಿಯ ಮುಖ ಊರಗಲವಾಯಿತು. "ಕೇಳ್ದೇನ್ಲಾ ಎರ್ರಪ್ಪ? ಬೆಂಕಿ ಕಾಯೋ ಮಗ ಕಣ್ಲಾ ಇವನು! ಆ ಕಂಬದೂರಿನೋರ ಬಾಯಿಗೆ ಮಣ್ಣು ಹಾಕ!"

ಕೇಶವಯ್ಯ ಜುಬ್ಬಾದ ಜೇಬಿನಿಂದ ಬೂಂದಿ ಆರಿಸುತ್ತಲೇ ಮುಹೂರ್ತದ ಮಾತು ತೆಗೆದ. ಶಿವಲಕ್ಷ್ಮಮ್ಮ ಆನಂದದಿಂದ ಅತ್ತಳು. ಕೆಲಸ ಆಗಿಹೋಗಿತ್ತು. ಓಬುಳೇಶ ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು.

"ನಂದೊಂದು ಮಾತೈತೆ" ಎಂದಳು ಮೌನಿಕಾ, ಕಾಫಿ ತಟ್ಟೆ ಕೆಳಗಿಡುತ್ತ. "ಕಂಬದೂರಿನೋರು ಇಲ್ಲದ್ದು ಹುಟ್ಟಿಸೋ ಪೈಕಿ ಅಲ್ಲ. ನೀವು ಬೆಂಕಿ ಆರಿಸೋದು ದಿಟವಾ, ಸುಳ್ಳಾ?"

ತಾಯಿ ಮತ್ತೆ ಜಿಗುಟಿದಳು, ಈ ಸಲ ಉಗುರು ಸೇರಿಸಿ. ಓಬುಳೇಶ ತಲೆ ಎತ್ತಿದ. ಹುಡುಗಿ ಗುರಾಯಿಸುತ್ತಿದ್ದಳು. ಈ ಕಣ್ಣಿಗೆ ಸುಳ್ಳು ಹೇಳಿ ಜೀವಮಾನವೆಲ್ಲ ಮ್ಯಾನೇಜರಾಗಿ ಬದುಕುವುದು ತನ್ನಿಂದಾಗದು ಅನ್ನಿಸಿತು.

"ದಿಟ. ಮ್ಯಾನೇಜರ್ ಅಲ್ಲ ನಾನು. ಈ ವರ್ಸ ನಮ್ಮ ದೊಡ್ಡ ಬಾವಿ ಬೆಂಕೀನ ನಾವೇ ಆರಿಸಿದ್ವಿ. ಅವತ್ತು ಖುಸೀಲಿ ಅತ್ಬುಟ್ಟೆ."

"ಮುಗೀತು" ಎಂದು ಶಿವಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡಳು. ಲಕ್ಷ್ಮಕ್ಕ ಹಿಂದಕ್ಕೆ ಸರಿದು ಕುರ್ಚಿಯಲ್ಲಿ ಕುಸಿದಳು.

"ಬರೋ ಗ್ಯಾಸ್ ಏನ್ ಮಾಡಿದ್ರಿ?" ಮೌನಿಕಾ ಬಿಡಲಿಲ್ಲ.

"ಪೈಪಿಗೆ ತಿರುಗಿಸಿದ್ವಿ. ಮೊದ್ಲು ಗ್ಯಾಸಿಗೆ ದಾರಿ, ಆಮೇಲೆ ಬೆಂಕಿ ನಿಲ್ಸೋದು. ಈಗದು ಯಾರ್ದೋ ಮನೆ ಒಲೇಲಿ ಉರೀತಾ ಇರ್ತದೆ. ಸೋರೋದು ಕ್ಯಾಮೆರಾದಾಗೆ ಹೊಗೆ ತರ ಕಾಣ್ತದೆ, ಮುಚ್ಚಿದ್ಮೇಲೆ ಏನೂ ಕಾಣಾಕಿಲ್ಲ. ನನ್ ಕೆಲ್ಸ ಸರಿಯಾಗಿ ಆದ್ರೆ ನೋಡಾಕೆ ಏನೂ ಇರಾಕಿಲ್ಲ. ಅದಕ್ಕೇ ಯಾರೂ ನಂಬಾಕಿಲ್ಲ."

ಲಕ್ಷ್ಮಕ್ಕ ದೀಪದ ಕಡೆ ತಿರುಗಿದಳು. "ಎಣ್ಣೆ ತೀರಿದ್ಮ್ಯಾಲೆ ದೀಪ ಶಾಂತ ಆದ್ರೆ ದೋಸ ಇಲ್ಲ" ಎಂದು ತನಗೆ ತಾನೇ ಅಂದುಕೊಂಡಳು. "ಗ್ಯಾಸ್ ಬ್ಯಾರೆ ಕಡೆ ಹೋದ್ಮ್ಯಾಲೆ ಇದೂ ಹಂಗೇ ಅಂತಾತು."

ಅಷ್ಟರಲ್ಲಿ ಗಲಾಟೆ ಕೇಳಿ ಪಕ್ಕದ ಮನೆಯ ರಮಾದೇವಿ ಬಾಗಿಲಿಗೆ ಬಂದಳು. ಒಳಗಿನ ಚೆಲ್ಲಾಪಿಲ್ಲಿ ಬೂಂದಿ ನೋಡಿದಳು, ಗಂಡನ್ನು ಮೇಲಿಂದ ಕೆಳಗೆ ಅಳೆದಳು. ಕೇಳಬಾರದ್ದನ್ನೇ ಕೇಳಿದಳು: "ಅಬ್ಬಾಯಿ ಏಂ ಪನಿ ಚೇಸ್ತಾಡು? ಏನು ಕೆಲ್ಸ ಅಂತೆ?"

ಕೇಶವಯ್ಯ ಬಾಯಿ ತೆರೆದ.

"ನೆಲದಿಂದ ಬರೋ ಗ್ಯಾಸು ಸುಮ್ಕೆ ಹಾಳಾಗಿ ಭೂಮಿ ಕಾಯಿಸ್ತಿತ್ತಲ್ಲ ಆಂಟೀ, ಇವ್ರು ಅದನ್ನ ಹಿಡಿದು ನಮ್ಮಂತೋರ ಒಲೆಗೆ ಕಳಿಸ್ತಾರೆ" ಎಂದಳು ಮೌನಿಕಾ. "ಮದ್ವೆಗೆ ಬರ್ಬೇಕು ನೀವು."

"ಓ, ಮಂಚಿ ಪನಿ, ಒಳ್ಳೇ ಕೆಲ್ಸ. ಬತ್ತೀನಿ, ಬತ್ತೀನಿ" ಎಂದು ರಮಾದೇವಿ ಹೊರಟುಹೋದಳು. ಅರ್ಥವಾಗದ್ದು ಏನೂ ಇರಲಿಲ್ಲ ಅವಳಿಗೆ.

ಓಬುಳೇಶನ ಕಣ್ಣಿಂದ ನೀರು ಇಳಿಯಿತು. "ಯಾಕ್ಲಾ, ಇನ್ನೇನಾತು ನಿಂಗೆ?" ಎಂದು ಶಿವಲಕ್ಷ್ಮಮ್ಮ ಗಾಬರಿಯಾದಳು.

"ಏನಿಲ್ಲಮ್ಮ" ಎಂದ ಅವನು. "ಇನ್ಮ್ಯಾಲೆ ಯಾರ್ ಕೇಳಿದ್ರೂ ಅವಳೇ ಹೇಳ್ಲಿ."